ಅಡಕೆ ಹಿಡಿದು ದೆಹಲಿಯಲ್ಲಿ ಇಲಾಖೆ ಹುಡುಕುವ ಬಗೆ

ನಮ್ಮ ಚಿಕ್ಕಪ್ಪನದು ತೀರ್ಥಹಳ್ಳಿ ಹತ್ತಿರ ಮೂರೆಕರೆ ತೋಟ. ಹೊರದೇಶದ ಅಡಕೆ ಬಂದು ಇಲ್ಲಿ ರಾಶಿ ಇಡಿ (ಕೆಂಪಡಕೆಯ ಒಂದು ಬಗೆ) ಧಾರಣೆ ಬೀಳ್ತಿದೆ ಅಂತ ಒಮ್ಮೆ ಅವರಿಗೆ ಸಿಟ್ಟು ಬಂತು. ಕೂತು ನಾಲ್ಕು ಪುಟದ ಪತ್ರ ಬರೆದರು. ಬರೆಯುವಾಗ ಎಲೆಚುಕ್ಕೆ ರೋಗ ನೆನಪಾಯಿತು, ಅದನ್ನೂ ಸೇರಿಸಿದರು. ಬೆಳೆ ವಿಮೆ ಬಾರದ ಕಥೆ, ಮನೆ ಹತ್ತಿರ ಮೊಬೈಲ್ ಟವರ್ ಇಲ್ಲದ ಕಥೆ, ಹೆದ್ದಾರಿ ಗುಂಡಿ ಕಥೆ ಎಲ್ಲವೂ ಬಂದವು. ವಿಳಾಸ: ಮಾನ್ಯ ಮಂತ್ರಿಗಳು, ಕೇಂದ್ರ ಸರ್ಕಾರ, ನವದೆಹಲಿ. ಯಾವ ಮಂತ್ರಿ ಚಿಕ್ಕಪ್ಪ ಅಂತ ಕೇಳಿದೆ. "ಯಾರಾದ್ರೂ ಒಬ್ರು ನೋಡ್ತಾರೆ ಬಿಡೋ ಮಾರಾಯ" ಅಂದರು. ಯಾರೂ ನೋಡಲಿಲ್ಲ.

ಆ ಪತ್ರದಲ್ಲಿ ಐದು ವಿಷಯ ಇದ್ದವು, ಅವು ಸೇರಿದ್ದು ನಾಲ್ಕು ಸಚಿವಾಲಯಕ್ಕೆ. ಅದರಲ್ಲೊಂದು ಅರ್ಧ ಬೆಂಗಳೂರಿಗೆ ಸೇರಿದ್ದು. "ಕೇಂದ್ರ ಸರ್ಕಾರ" ಅಂತ ಬೋರ್ಡು ಹಾಕಿಕೊಂಡ ಆಫೀಸು ದೆಹಲಿಯಲ್ಲಿ ಇಲ್ಲ. ಇರುವುದು ಮೇಜುಗಳು. ನಿಮ್ಮ ವಿಷಯದ ಕಡತ ಯಾವ ಮೇಜಿನ ಮೇಲಿದೆ ಅಂತ ಗೊತ್ತಾದರೆ ಅರ್ಧ ಕೆಲಸ ಆದಂತೆ. ಅದನ್ನು ಹುಡುಕುವ ದಾರಿ ಇಲ್ಲಿದೆ. ಅರ್ಜಿ ಬರೆಯುವವರಿಗೂ ಆಗುತ್ತೆ, ಪರೀಕ್ಷೆಗೆ ಓದುವ ಮಕ್ಕಳಿಗೂ ಆಗುತ್ತೆ.

ಮೊದಲ ಹೆಜ್ಜೆ: ಇದು ದೆಹಲಿಯದ್ದಾ, ಬೆಂಗಳೂರಿನದ್ದಾ?

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿ ಇವೆ. ರೈಲು, ಅಂಚೆ, ದೂರವಾಣಿ, ವಿಮಾನ, ರಾಷ್ಟ್ರೀಯ ಹೆದ್ದಾರಿ, ವಿದೇಶಿ ವ್ಯಾಪಾರ, ಪಾಸ್‌ಪೋರ್ಟ್ ಕೇಂದ್ರದ ಪಟ್ಟಿಯಲ್ಲಿವೆ. ಜಮೀನು, ಕೃಷಿ, ಪೊಲೀಸ್, ಆಸ್ಪತ್ರೆ, ಗ್ರಾಮ ಪಂಚಾಯಿತಿ ರಾಜ್ಯದ ಪಟ್ಟಿಯಲ್ಲಿವೆ. ಶಿಕ್ಷಣ, ವಿದ್ಯುತ್, ಅರಣ್ಯ ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿಯವು. ಅರಣ್ಯ ಮೊದಲು ರಾಜ್ಯದ್ದೇ ಆಗಿತ್ತು. 1976ರ 42ನೇ ತಿದ್ದುಪಡಿ ಅದನ್ನು ಎತ್ತಿ ಸಮವರ್ತಿ ಪಟ್ಟಿಗೆ ಹಾಕಿತು. ಮಲೆನಾಡಿನವರ ಅರ್ಧ ತಲೆನೋವು ಶುರುವಾಗುವುದು ಅಲ್ಲಿಂದಲೇ.

ಕೃಷಿ ರಾಜ್ಯದ್ದಾದರೆ ದೆಹಲಿಯಲ್ಲಿ ಕೃಷಿ ಮಂತ್ರಿ ಯಾಕೆ? ಒಳ್ಳೆ ಪ್ರಶ್ನೆ. ದುಡ್ಡು, ಸಂಶೋಧನೆ, ವಿಮೆ, ಬೆಂಬಲ ಬೆಲೆ ಇವೆಲ್ಲ ಅಲ್ಲಿಂದ ಬರುತ್ತವೆ. ತೋಟಕ್ಕೆ ಬಂದು ನೋಡುವ ಅಧಿಕಾರಿ ಮಾತ್ರ ರಾಜ್ಯದ ತೋಟಗಾರಿಕೆ ಇಲಾಖೆಯವರು. ಕಾಗದದಲ್ಲಿ ಒಂದು ಪಟ್ಟಿ, ಊರಲ್ಲಿ ಇನ್ನೊಂದು ನೋಟ.

ಭದ್ರಾವತಿಗೆ ಹೋದರೆ ಇದು ಕಣ್ಣಿಗೇ ಕಾಣುತ್ತೆ. ಅಲ್ಲಿ ಎರಡು ದೊಡ್ಡ ಕಾರ್ಖಾನೆ. ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ 1998ರಲ್ಲಿ ಸ್ಟೀಲ್ ಅಥಾರಿಟಿ ಆಫ್ ಇಂಡಿಯಾ ಜೊತೆ ವಿಲೀನ ಆಯಿತು. ಹಾಗಾಗಿ ಅದರ ಭವಿಷ್ಯದ ಮಾತು ದೆಹಲಿಯ ಉಕ್ಕು ಸಚಿವಾಲಯದಲ್ಲಿ. ಮೈಸೂರು ಪೇಪರ್ ಮಿಲ್ಸ್ ರಾಜ್ಯ ಸರ್ಕಾರದ ಕಂಪನಿ. ಅದರ ಮಾತು ವಿಧಾನಸೌಧದಲ್ಲಿ. ಒಂದೇ ಊರಿನ ಎರಡು ಕಾರ್ಖಾನೆಯ ಕಾರ್ಮಿಕರು ಎರಡು ಬೇರೆ ರಾಜಧಾನಿ ಕಡೆ ಮುಖ ಮಾಡಿ ಕೂರಬೇಕು.

ರಸ್ತೆಗೆ ಸುಲಭದ ಗುರುತು ಇದೆ. ಮೈಲಿಗಲ್ಲಿನ ತಲೆಗೆ ಹಳದಿ ಬಣ್ಣ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ. ಹೊನ್ನಾವರದಿಂದ ಸಾಗರ, ಶಿವಮೊಗ್ಗ ಹಾದು ಹೋಗುವ 69 ರಾಷ್ಟ್ರೀಯ ಹೆದ್ದಾರಿ. ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿಯುವ 169ಎ ಕೂಡ ಅಷ್ಟೇ. ಆದರೆ ಒಂದು ಸೂಕ್ಷ್ಮ ಇದೆ. ಎಲ್ಲ ರಾಷ್ಟ್ರೀಯ ಹೆದ್ದಾರಿಯನ್ನೂ ಹೆದ್ದಾರಿ ಪ್ರಾಧಿಕಾರ ನೋಡಿಕೊಳ್ಳಲ್ಲ. ಎಷ್ಟೋ ಕಡೆ ರಾಜ್ಯದ ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗವೇ ಕೆಲಸ ಮಾಡಿಸುತ್ತದೆ. ದುಡ್ಡು ದೆಹಲಿಯ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ್ದು, ಗುಂಡಿ ಮುಚ್ಚಿಸುವ ಎಂಜಿನಿಯರ್ ಇಲ್ಲಿಯವರು.

ಶಿವಮೊಗ್ಗ ಹತ್ತಿರದ ಸೋಗಾನೆಯ ವಿಮಾನ ನಿಲ್ದಾಣ ಇದಕ್ಕೆ ಉಲ್ಟಾ. 2023ರ ಫೆಬ್ರವರಿ 27ರಂದು ಪ್ರಧಾನಿ ಬಂದು ಉದ್ಘಾಟಿಸಿದರು, ಆದ್ದರಿಂದ ಕೇಂದ್ರದ್ದು ಅಂತ ಜನ ತಿಳಿದಿದ್ದಾರೆ. ಕಟ್ಟಿಸಿದ್ದು ರಾಜ್ಯ ಸರ್ಕಾರ, ನಡೆಸುವುದು ರಾಜ್ಯದ ನಿಗಮ. ಪರವಾನಗಿ ಕೊಡುವುದು ಮಾತ್ರ ಕೇಂದ್ರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ಯಾರು ಟೇಪು ಕತ್ತರಿಸಿದರು ಅಂತ ನೋಡಿ ಇಲಾಖೆ ತೀರ್ಮಾನ ಮಾಡಬೇಡಿ.

ಅರಣ್ಯದ ವಿಷಯದಲ್ಲಿ ಒಂದೇ ತುಂಡು ಜಾಗಕ್ಕೆ ಮೂರು ಬಾಗಿಲು ಇರಬಹುದು. ಬಗರ್‌ಹುಕುಂ ಅರ್ಜಿ ರಾಜ್ಯದ ಕಂದಾಯ ಇಲಾಖೆಯದ್ದು, ತಾಲ್ಲೂಕು ಆಫೀಸಲ್ಲಿ ಮುಗಿಯಬೇಕು. ಅರಣ್ಯ ಅಂತ ದಾಖಲಾದ ಜಾಗವನ್ನು ಬೇರೆ ಕೆಲಸಕ್ಕೆ ಕೊಡಬೇಕಾದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಪ್ರಕಾರ ಕೇಂದ್ರದ ಒಪ್ಪಿಗೆ ಮೊದಲೇ ಬೇಕು. ಆ ಕಡತ ಪರಿಸರ, ಅರಣ್ಯ ಮತ್ತು ಹವಾಮಾನ ಬದಲಾವಣೆ ಸಚಿವಾಲಯಕ್ಕೆ ಹೋಗುತ್ತದೆ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಮನೆ ಮಠ ಬಿಟ್ಟು ಬಂದ ಶರಾವತಿ ಸಂತ್ರಸ್ತರ ಹಕ್ಕುಪತ್ರದ ಗಂಟು ಇಲ್ಲೇ ಬಿದ್ದಿರುವುದು. ಇನ್ನು 2006ರ ಅರಣ್ಯ ಹಕ್ಕು ಕಾಯ್ದೆಯ ಉಸ್ತುವಾರಿ ಅರಣ್ಯದವರ ಹತ್ತಿರ ಇದೆ ಅಂದುಕೊಂಡರೆ ತಪ್ಪು. ಅದು ಬುಡಕಟ್ಟು ವ್ಯವಹಾರಗಳ ಸಚಿವಾಲಯದ್ದು. ಅರ್ಜಿ ಶುರುವಾಗುವುದು ಗ್ರಾಮಸಭೆಯಲ್ಲಿ.

ಎರಡನೇ ಹೆಜ್ಜೆ: ಸಚಿವಾಲಯ ಬೇರೆ, ಇಲಾಖೆ ಬೇರೆ

ನಾವು ಮಾತಿನಲ್ಲಿ ಎಲ್ಲದಕ್ಕೂ ಇಲಾಖೆ ಅಂತೀವಿ. ದೆಹಲಿಯಲ್ಲಿ ಹಾಗಲ್ಲ. ಸಚಿವಾಲಯ ದೊಡ್ಡ ಮನೆ, ಇಲಾಖೆ ಅದರೊಳಗಿನ ಒಲೆ. ಕೆಲವು ಮನೆಯಲ್ಲಿ ಒಂದೇ ಒಲೆ, ಕೆಲವು ಕಡೆ ನಾಲ್ಕೈದು. ಸಂವಹನ ಸಚಿವಾಲಯದಲ್ಲಿ ಎರಡು ಇವೆ: ಅಂಚೆ ಇಲಾಖೆ, ದೂರಸಂಪರ್ಕ ಇಲಾಖೆ. ಹಣಕಾಸು ಸಚಿವಾಲಯದಲ್ಲಿ ಆರ್ಥಿಕ ವ್ಯವಹಾರ, ವೆಚ್ಚ, ಕಂದಾಯ, ಹಣಕಾಸು ಸೇವೆ ಇತ್ಯಾದಿ. ಬ್ಯಾಂಕ್ ದೂರು ಒಂದು ಕಡೆ, ಆದಾಯ ತೆರಿಗೆ ದೂರು ಇನ್ನೊಂದು ಕಡೆ. ಬಾಹ್ಯಾಕಾಶ, ಅಣುಶಕ್ತಿ ಇಲಾಖೆಗಳಿಗೆ ಮೇಲೆ ಸಚಿವಾಲಯವೇ ಇಲ್ಲ, ನೇರ ಪ್ರಧಾನಿ ಉಸ್ತುವಾರಿ.

ಯಾವ ವಿಷಯ ಯಾರಿಗೆ ಅಂತ ಯಾರು ಹಂಚಿದರು? ಸಂವಿಧಾನದ 77ನೇ ವಿಧಿಯ ಕೆಳಗೆ 1961ರಲ್ಲಿ ಮಾಡಿದ ಕಾರ್ಯಹಂಚಿಕೆ ನಿಯಮಗಳು ಅಂತ ಇವೆ. ಸಂಪುಟ ಸಚಿವಾಲಯದ ವೆಬ್‌ಸೈಟ್‌ನಲ್ಲಿ ಯಾರು ಬೇಕಾದರೂ ಓದಬಹುದು. ಮೊದಲ ಅನುಸೂಚಿಯಲ್ಲಿ ಸಚಿವಾಲಯಗಳ ಹೆಸರು, ಎರಡನೆಯದರಲ್ಲಿ ಒಂದೊಂದು ಇಲಾಖೆ ಏನೇನು ನೋಡಬೇಕು ಅನ್ನುವ ಉದ್ದ ಪಟ್ಟಿ. ಇದು ಇಡೀ ದೆಹಲಿಯ ಪಹಣಿ ಇದ್ದ ಹಾಗೆ. ಪಿಡಿಎಫ್ ಇಳಿಸಿಕೊಳ್ಳಿ, ನಿಮ್ಮ ವಿಷಯದ ಇಂಗ್ಲಿಷ್ ಪದ ಹಾಕಿ ಹುಡುಕಿ. ಐದು ನಿಮಿಷದ ಕೆಲಸ. ಹೊಸ ಪ್ರತಿಯನ್ನೇ ನೋಡಿ, ಯಾಕೆಂದರೆ ಮನೆಗಳು ಒಡೆಯುತ್ತವೆ, ಕೂಡುತ್ತವೆ. ಜಲಶಕ್ತಿ ಸಚಿವಾಲಯ ಹುಟ್ಟಿದ್ದು 2019ರಲ್ಲಿ, ಸಹಕಾರ ಸಚಿವಾಲಯ 2021ರಲ್ಲಿ. ಹಳೇ ಗೈಡ್ ಪುಸ್ತಕದಲ್ಲಿ ಇವು ಸಿಗಲ್ಲ.

ಒಂದು ಅಡಕೆಯ ಹಿಂದೆ ಹೋಗೋಣ

ಚಿಕ್ಕಪ್ಪನ ಪತ್ರಕ್ಕೆ ಬರೋಣ. ಅಡಕೆಗೆ ಒಬ್ಬ ಮಂತ್ರಿ ಇದ್ದಾರೆ ಅಂತ ನಮ್ಮ ಕಡೆ ನಂಬಿಕೆ. ಒಂದು ಗೋಟು ಅಡಕೆ ಕೈಯಲ್ಲಿ ಹಿಡಿದುಕೊಂಡು ನೋಡಿ, ಎಷ್ಟು ಬಾಗಿಲು ತಟ್ಟಬೇಕು ಅಂತ ಗೊತ್ತಾಗುತ್ತೆ.

ಮರಕ್ಕೆ ಎಲೆಚುಕ್ಕೆ ಬಂತು. ಸಂಶೋಧನೆ ಕೃಷಿ ಸಚಿವಾಲಯದೊಳಗಿನ ಕೃಷಿ ಸಂಶೋಧನೆ ಮತ್ತು ಶಿಕ್ಷಣ ಇಲಾಖೆಯದ್ದು. ಅದರ ಕೆಳಗೆ ಭಾರತೀಯ ಕೃಷಿ ಸಂಶೋಧನಾ ಪರಿಷತ್ತು, ಪರಿಷತ್ತಿನ ಕೆಳಗೆ ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ, ಅಂದರೆ ಕಾಸರಗೋಡಿನ ಸಿಪಿಸಿಆರ್‌ಐ, ಅದರ ಪ್ರಾದೇಶಿಕ ಕೇಂದ್ರ ವಿಟ್ಲದಲ್ಲಿ. ನಮ್ಮ ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯ ಇದೇ ರೋಗದ ಕೆಲಸ ಮಾಡಿದರೂ ರಾಜ್ಯದ್ದು.

ತೋಟದ ಅಭಿವೃದ್ಧಿ ಯೋಜನೆ ಬೇಕು. ಅದೇ ಸಚಿವಾಲಯ, ಆದರೆ ಬೇರೆ ಇಲಾಖೆ: ಕೃಷಿ ಮತ್ತು ರೈತರ ಕಲ್ಯಾಣ ಇಲಾಖೆ. ಅಡಕೆ ಮತ್ತು ಸಾಂಬಾರ ಬೆಳೆಗೆ ಅದರ ನಿರ್ದೇಶನಾಲಯ ಕೋಯಿಕ್ಕೋಡ್‌ನಲ್ಲಿದೆ. ಇದನ್ನು ನಮ್ಮಲ್ಲಿ ಎಷ್ಟೋ ಬೆಳೆಗಾರರು ಕೇಳಿಯೇ ಇಲ್ಲ.

ಆಮದು ನಿಲ್ಲಿಸಬೇಕು. ಇಲ್ಲಿಗೆ ಬಂದಾಗ ಕೃಷಿ ಸಚಿವಾಲಯದ ಬಾಗಿಲು ಮುಚ್ಚಿತು. ವಾಣಿಜ್ಯ ಮತ್ತು ಕೈಗಾರಿಕೆ ಸಚಿವಾಲಯ, ಅದರಲ್ಲಿ ವಾಣಿಜ್ಯ ಇಲಾಖೆ, ಅದರ ಕೈಕೆಳಗೆ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ. 2023ರ ಫೆಬ್ರವರಿಯಲ್ಲಿ ಅಡಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದ ಅಧಿಸೂಚನೆ ಬಂದಿದ್ದು ಈ ಆಫೀಸಿನಿಂದ. ಅದಕ್ಕೆ ಸ್ವಲ್ಪ ಹಿಂದೆ, 2022ರಲ್ಲಿ, ಭೂತಾನ್‌ನಿಂದ 17,000 ಟನ್ ಹಸಿ ಅಡಕೆ ತರಲು ವಿನಾಯಿತಿ ಕೊಟ್ಟಿದ್ದೂ ಇದೇ ಆಫೀಸು. ನಮ್ಮಲ್ಲಿ ಆಗ ಬೈಸಿಕೊಂಡವರು ಮಾತ್ರ ಕೃಷಿ ಮಂತ್ರಿ.

ಆಮದು ಸುಂಕ, ಗಡಿಯಲ್ಲಿ ಕಳ್ಳ ಅಡಕೆ ಹಿಡಿಯುವುದು? ಹಣಕಾಸು ಸಚಿವಾಲಯದ ಕಂದಾಯ ಇಲಾಖೆ. ಇಲ್ಲಿ ಹುಷಾರು. ದೆಹಲಿಯ "ಕಂದಾಯ" ಅಂದರೆ ತೆರಿಗೆ ಮತ್ತು ಸುಂಕ. ನಮ್ಮ ತಹಶೀಲ್ದಾರರ ಕಂದಾಯ ಇಲಾಖೆಗೂ ಅದಕ್ಕೂ ಸಂಬಂಧ ಇಲ್ಲ. ಜಿಎಸ್‌ಟಿ ದರವನ್ನಂತೂ ಯಾವ ಇಲಾಖೆಯೂ ಒಂಟಿಯಾಗಿ ತೀರ್ಮಾನಿಸಲ್ಲ, ಕೇಂದ್ರ ರಾಜ್ಯ ಎರಡೂ ಕೂತ ಜಿಎಸ್‌ಟಿ ಮಂಡಳಿ ಶಿಫಾರಸು ಮಾಡುತ್ತದೆ.

ಅಡಕೆ ಆರೋಗ್ಯಕ್ಕೆ ಕೆಟ್ಟದ್ದು ಅನ್ನುವ ಗಲಾಟೆ ಎದ್ದಾಗ ವಿಷಯ ಆರೋಗ್ಯ ಸಚಿವಾಲಯಕ್ಕೆ, ಅದರ ಕೆಳಗಿನ ಆಹಾರ ಸುರಕ್ಷತೆ ಪ್ರಾಧಿಕಾರಕ್ಕೆ ಹಾರುತ್ತದೆ. ಎರಡು ರಾಜ್ಯಕ್ಕೆ ಹರಡಿರುವ ಕ್ಯಾಂಪ್ಕೋ ಬಹುರಾಜ್ಯ ಸಹಕಾರಿ ಆದ್ದರಿಂದ ಅದರ ರಿಜಿಸ್ಟ್ರಾರ್ ಸಹಕಾರ ಸಚಿವಾಲಯದಲ್ಲಿ. ನಿಮ್ಮೂರ ಸೊಸೈಟಿ ಮಾತ್ರ ರಾಜ್ಯದ್ದು. ಮಂಡಿ, ಎಪಿಎಂಸಿ ರಾಜ್ಯದ್ದು.

ಎಲೆಬಳ್ಳಿ ಪಕ್ಕದ ಮೆಣಸು, ಏಲಕ್ಕಿ ಕಡೆ ತಿರುಗಿದರೆ ಮತ್ತೆ ಲೆಕ್ಕ ಬೇರೆ. ಸಾಂಬಾರ ಮಂಡಳಿ, ಕಾಫಿ ಮಂಡಳಿ ಎರಡೂ ವಾಣಿಜ್ಯ ಇಲಾಖೆಯ ಕೆಳಗಿವೆ, ಕೃಷಿಯ ಕೆಳಗಲ್ಲ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಕಾಫಿ ಮಂಡಳಿಯದ್ದು. ಒಂದೇ ತೋಟದಲ್ಲಿ ಅಡಕೆ, ಮೆಣಸು, ಕಾಫಿ ಒಟ್ಟಿಗೆ ನಿಂತಿವೆ, ದೆಹಲಿಯಲ್ಲಿ ಅವುಗಳ ನಡುವೆ ಬೇಲಿ.

ಮೂರನೇ ಹೆಜ್ಜೆ: ಕಡತ ಎಲ್ಲಿ ಹುಟ್ಟುತ್ತೆ ನೋಡಿ

ಮೇಲೆ ಮಂತ್ರಿ. ಸಂಪುಟ ದರ್ಜೆಯವರು, ಸ್ವತಂತ್ರ ಹೊಣೆಯ ರಾಜ್ಯ ಸಚಿವರು, ಬರೀ ರಾಜ್ಯ ಸಚಿವರು ಅಂತ ಮೂರು ಬಗೆ. ಇಲಾಖೆಯ ಆಡಳಿತದ ತಲೆ ಕಾರ್ಯದರ್ಶಿ. ಅವರ ಕೆಳಗೆ ಹೆಚ್ಚುವರಿ ಕಾರ್ಯದರ್ಶಿ, ಜಂಟಿ ಕಾರ್ಯದರ್ಶಿ, ನಿರ್ದೇಶಕ ಅಥವಾ ಉಪ ಕಾರ್ಯದರ್ಶಿ, ಅಧೀನ ಕಾರ್ಯದರ್ಶಿ. ಎಲ್ಲಕ್ಕಿಂತ ಕೆಳಗೆ ಸೆಕ್ಷನ್: ಒಬ್ಬ ಸೆಕ್ಷನ್ ಆಫೀಸರ್, ನಾಲ್ಕಾರು ಸಹಾಯಕರು.

ತಾಲ್ಲೂಕು ಆಫೀಸು ಗೊತ್ತಿದ್ದವರಿಗೆ ಇದು ಅರ್ಥ ಆಗುತ್ತೆ. ನಿಮ್ಮ ಅರ್ಜಿಗೆ ತಹಶೀಲ್ದಾರರು ಸಹಿ ಹಾಕುತ್ತಾರೆ, ಆದರೆ ಟಿಪ್ಪಣಿ ಬರೆಯುವುದು ಕೇಸ್ ವರ್ಕರ್. ಅಲ್ಲೂ ಅಷ್ಟೇ. ಮಂತ್ರಿಗೆ ಬರೆದ ಪತ್ರ ಕೊನೆಗೆ ಇಳಿದು ಬರುವುದು ಸೆಕ್ಷನ್ನಿಗೇ. ಕಡತ ಅಲ್ಲಿ ಹುಟ್ಟಿ, ಮೆಟ್ಟಿಲು ಹತ್ತಿ, ಮತ್ತೆ ಇಳಿಯುತ್ತದೆ. ಹಣದ ಮಾತು ಬಂದರೆ ಹಣಕಾಸು ಸಚಿವಾಲಯದ ಅಭಿಪ್ರಾಯಕ್ಕೆ ಹೊರಗೂ ಹೋಗಿ ಬರುತ್ತದೆ.

ದೆಹಲಿಯಿಂದ ಬಂದ ಪತ್ರ ಕೈಗೆ ಸಿಕ್ಕರೆ ವಿಷಯ ಓದುವ ಮುಂಚೆ ತಲೆ ಮತ್ತು ಬಾಲ ನೋಡಿ. ತಲೆಯಲ್ಲಿ ಕಡತ ಸಂಖ್ಯೆ, ಸಚಿವಾಲಯ, ಇಲಾಖೆ, ಕೆಲವೊಮ್ಮೆ ಸೆಕ್ಷನ್ ಹೆಸರೂ ಇರುತ್ತೆ. ಬಾಲದಲ್ಲಿ ಸಹಿ, ಹುದ್ದೆ, ಫೋನ್ ನಂಬರ್. ಬಹಳಷ್ಟು ಪತ್ರಕ್ಕೆ ಸಹಿ ಹಾಕುವವರು ಅಧೀನ ಕಾರ್ಯದರ್ಶಿ. ಮುಂದಿನ ಪತ್ರದಲ್ಲಿ ಆ ಕಡತ ಸಂಖ್ಯೆ ಮೊದಲ ಸಾಲಿನಲ್ಲೇ ಇರಲಿ. ನಿಮ್ಮ ಕಷ್ಟದ ಕಥೆಗಿಂತ ಆ ಸಂಖ್ಯೆ ಬೇಗ ಕೆಲಸ ಮಾಡುತ್ತೆ. ವಿಳಾಸವನ್ನು ಮಾತ್ರ ಹಳೇ ಪತ್ರದಿಂದ ನಕಲು ಮಾಡಬೇಡಿ. ಸಚಿವಾಲಯಗಳು ಒಂದೊಂದಾಗಿ ಹೊಸ ಕರ್ತವ್ಯ ಭವನಗಳಿಗೆ ಸಾಮಾನು ಸಾಗಿಸುತ್ತಿವೆ, ಒಮ್ಮೆ ವೆಬ್‌ಸೈಟ್ ನೋಡಿ.

ನಾಲ್ಕನೇ ಹೆಜ್ಜೆ: ದೆಹಲಿಗೆ ಹೋಗದೆ ಮುಗಿಯುತ್ತಾ?

ಇಲಾಖೆ ನೀತಿ ಮಾಡುತ್ತೆ. ಕೆಲಸ ಮಾಡುವುದು ಅದರ ಕೈಕಾಲುಗಳು. ಹೊಂದಿಕೊಂಡ ಕಚೇರಿ, ಅಧೀನ ಕಚೇರಿ, ಕಾಯ್ದೆಯಿಂದ ಹುಟ್ಟಿದ ಮಂಡಳಿ, ಸ್ವಾಯತ್ತ ಸಂಸ್ಥೆ, ಸರ್ಕಾರಿ ಕಂಪನಿ ಅಂತ ವಿಧ ಇವೆ. ಪರೀಕ್ಷೆಗೆ ಬೇಕಾದರೆ ಬಾಯಿಪಾಠ ಮಾಡಿ. ಅರ್ಜಿ ಹಾಕುವವರಿಗೆ ಬೇಕಾಗಿದ್ದು ಇಷ್ಟೇ: ಹತ್ತಿರದ ಕೈ ಯಾವುದು?

ಶಿವಮೊಗ್ಗ, ತಾಳಗುಪ್ಪ ರೈಲಿನ ವಿಷಯಕ್ಕೆ ಮೈಸೂರು ವಿಭಾಗ, ಅದರ ಮೇಲೆ ಹುಬ್ಬಳ್ಳಿಯ ನೈಋತ್ಯ ರೈಲ್ವೆ. ಹೊಸ ಮಾರ್ಗ ಬೇಕಾದರೆ ರೈಲ್ವೆ ಮಂಡಳಿ, ಪ್ಲಾಟ್‌ಫಾರಂ ನೀರಿನ ನಲ್ಲಿ ರಿಪೇರಿಗೆ ಅಲ್ಲಿಗೆ ಬರೆದರೆ ಸುಮ್ನೆ ಟಪಾಲು ಖರ್ಚು. ಟವರ್ ವಿಷಯಕ್ಕೆ ಬಿಎಸ್ಎನ್ಎಲ್ ಇದೆ, ಅದು ಕಂಪನಿ. ಆದರೆ ಲಾಭ ಬಾರದ ಕಾಡಿನ ಹಳ್ಳಿಗೆ ಟವರ್ ಹಾಕುವ ಹಣ ದೂರಸಂಪರ್ಕ ಇಲಾಖೆಯ ಡಿಜಿಟಲ್ ಭಾರತ್ ನಿಧಿಯದ್ದು. ಹಾಗಾಗಿ "ಸಿಗ್ನಲ್ ವೀಕು" ಅನ್ನುವ ದೂರು ಕಂಪನಿಗೆ, "ನಮ್ಮೂರಿಗೆ ಟವರ್ರೇ ಇಲ್ಲ" ಅನ್ನುವ ಅರ್ಜಿ ಇಲಾಖೆಗೆ. ಗಾಜನೂರಿನ ನವೋದಯ ಶಾಲೆ ಶಿಕ್ಷಣ ಸಚಿವಾಲಯದ ಸ್ವಾಯತ್ತ ಸಮಿತಿಯದ್ದು. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ ಪುರಾತತ್ವ ಸರ್ವೇಕ್ಷಣದ ಸುಪರ್ದಿಯಲ್ಲಿದೆ, ಅದು ಸಂಸ್ಕೃತಿ ಸಚಿವಾಲಯದ ಕೆಳಗೆ.

ಕೇಂದ್ರದ ಹೆಸರಿದ್ದರೂ ಬೀಗದ ಕೈ ಇಲ್ಲೇ ಇರುವ ಯೋಜನೆಗಳೂ ಇವೆ. ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ ಪೂರ್ತಿ ಕೇಂದ್ರದ ದುಡ್ಡು. ಕಂತು ನಿಂತರೆ ಕಾರಣ ಸಾಮಾನ್ಯವಾಗಿ ಇ-ಕೆವೈಸಿ, ಆಧಾರ್ ಜೋಡಣೆ ಆಗದ ಬ್ಯಾಂಕ್ ಖಾತೆ, ಇಲ್ಲವೇ ಪಹಣಿ ವಿವರ ಹೊಂದದಿರುವುದು. ಇದಕ್ಕೆ ಮೊದಲು ರೈತ ಸಂಪರ್ಕ ಕೇಂದ್ರ. ಅಡಕೆ, ಮೆಣಸಿನ ಹವಾಮಾನ ಆಧಾರಿತ ವಿಮೆಯಲ್ಲಿ ರೈತ ಕಟ್ಟುವುದು ವಿಮಾ ಮೊತ್ತದ ಶೇಕಡಾ 5, ಉಳಿದ ಕಂತನ್ನು ಕೇಂದ್ರ ರಾಜ್ಯ ಹಂಚಿಕೊಳ್ಳುತ್ತವೆ. ಪರಿಹಾರದ ಲೆಕ್ಕ ನಿಂತಿರುವುದು ಮಳೆ ಮಾಪನದ ಮೇಲೆ. ನಿಮ್ಮ ಪಂಚಾಯಿತಿಯ ಮಾಪಕ ಕೆಟ್ಟು ಕೂತಿದ್ದರೆ ಅದನ್ನು ದೆಹಲಿಯ ಯಾವ ಮಂತ್ರಿಯೂ ಬಂದು ಸರಿಮಾಡಲ್ಲ. ತೋಟಗಾರಿಕೆ ಇಲಾಖೆಯನ್ನೇ ಹಿಡಿಯಬೇಕು.

ಐದನೇ ಹೆಜ್ಜೆ: ಬರೆಯುವುದು

ಒಂದು ಪತ್ರಕ್ಕೆ ಒಂದೇ ವಿಷಯ. ಇದೊಂದು ಪಾಲಿಸಿದರೆ ಸಾಕು ಅಂತ ನನಗೆ ಅನ್ನಿಸುತ್ತೆ. ಕನ್ನಡದಲ್ಲಿ ಬರೆಯಬಹುದಾ? ಧಾರಾಳವಾಗಿ. ಅಹವಾಲನ್ನು ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಆದರೂ ಓದುವ ಸಹಾಯಕರು ಬಿಹಾರದವರೋ ಹರಿಯಾಣದವರೋ ಆಗಿರುತ್ತಾರೆ. ಕೆಳಗೆ ಮೂರು ಸಾಲು ಇಂಗ್ಲಿಷಿನಲ್ಲೂ ಬರೆಸಿದರೆ ಕೆಲಸ ಬೇಗ.

ದೂರಿಗೆ ಕೇಂದ್ರದ ಸಿಪಿಗ್ರಾಮ್ಸ್ ಪೋರ್ಟಲ್ ಇದೆ. ನೋಂದಣಿ ಮಾಡಿ, ಸಚಿವಾಲಯ ಆರಿಸಿ, ವಿಷಯ ಬರೆದು, ದಾಖಲೆ ಸೇರಿಸಿ. ಮೊದಲ ಎರಡು ಹೆಜ್ಜೆ ಮಾಡಿದ್ದರೆ ಆ ಉದ್ದ ಪಟ್ಟಿಯಲ್ಲಿ ಬೆರಳು ಸರಿಯಾದ ಕಡೆ ಬೀಳುತ್ತೆ. 2024ರಲ್ಲಿ ಬಂದ ಮಾರ್ಗಸೂಚಿ ಪ್ರಕಾರ ದೂರನ್ನು 21 ದಿನದಲ್ಲಿ ಮುಗಿಸಬೇಕು. ಕೋರ್ಟಿನಲ್ಲಿರುವ ವಿಷಯ, ಮಾಹಿತಿ ಹಕ್ಕಿನ ವಿಷಯ ಅಲ್ಲಿ ತೆಗೆದುಕೊಳ್ಳಲ್ಲ. ಉತ್ತರ ಹಿಡಿಸದಿದ್ದರೆ ಅಲ್ಲೇ ಮೇಲ್ಮನವಿ ಹಾಕಬಹುದು. ಬಹಳ ಜನ ಇದನ್ನು ಮಾಡದೆ ಬಿಡುತ್ತಾರೆ.

ಕಾಗದ ಬೇಕಾದರೆ ಮಾಹಿತಿ ಹಕ್ಕು. ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಉಚಿತ. ಕೇಂದ್ರದ ಅರ್ಜಿ ಸಾಮಾನ್ಯವಾಗಿ 500 ಪದದೊಳಗೆ ಇರಬೇಕು. ಆನ್‌ಲೈನ್ ಬೇಡ ಅಂದರೆ ಗೊತ್ತುಮಾಡಿದ ಅಂಚೆ ಕಚೇರಿಗಳಲ್ಲಿ ಕೇಂದ್ರದ ಯಾವ ಇಲಾಖೆಗಾದರೂ ಅರ್ಜಿ ತೆಗೆದುಕೊಂಡು ಕಳಿಸುತ್ತಾರೆ. "ಯಾಕೆ ಮಾಡಿಲ್ಲ?" ಅಂತ ಕೇಳಬೇಡಿ, ಅದು ಜಗಳ, ಮಾಹಿತಿ ಅಲ್ಲ. ಹೀಗೆ ಕೇಳಿ: "ದಿನಾಂಕ ಇಷ್ಟರ ನನ್ನ ಅರ್ಜಿಯ ಮೇಲೆ ಇಂದಿನವರೆಗೆ ಬರೆದ ಟಿಪ್ಪಣಿಗಳ ನಕಲು ಕೊಡಿ. ಕಡತ ಈಗ ಯಾವ ಅಧಿಕಾರಿ ಬಳಿ, ಎಂದಿನಿಂದ ಇದೆ ತಿಳಿಸಿ." ಎರಡೇ ವಾಕ್ಯ. ಅರ್ಜಿ ತಪ್ಪು ಇಲಾಖೆಗೆ ಹೋದರೂ 5 ದಿನದೊಳಗೆ ಸರಿಯಾದವರಿಗೆ ವರ್ಗಾಯಿಸಬೇಕು ಅಂತ ಕಾಯ್ದೆಯ 6ನೇ ಕಲಮಿನಲ್ಲೇ ಇದೆ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ 30 ದಿನದೊಳಗೆ ಅದೇ ಕಚೇರಿಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಕೇಂದ್ರ ಮಾಹಿತಿ ಆಯೋಗ.

ಕರಡು ಅಧಿಸೂಚನೆ ಬಂದಾಗ ಮಾತ್ರ ಲೆಕ್ಕ ದಿನಗಳದ್ದು. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು 2014ರಿಂದ ಮತ್ತೆ ಮತ್ತೆ ಹೊರಟಿದೆ, ಆರನೆಯದು 2024ರ ಜುಲೈ 31ರಂದು. ಆಗ ಆಕ್ಷೇಪಣೆಗೆ ಕೊಟ್ಟಿದ್ದು 60 ದಿನ. ಆಕ್ಷೇಪಣೆ ತಲುಪಬೇಕಾದದ್ದು ಕರಡಿನಲ್ಲಿ ಕೊಟ್ಟ ದೆಹಲಿಯ ಪರಿಸರ ಸಚಿವಾಲಯದ ವಿಳಾಸಕ್ಕೆ. ತಾಲ್ಲೂಕು ಆಫೀಸ್ ಎದುರು ಮನವಿ ಕೊಟ್ಟು ಫೋಟೋ ತೆಗೆಸಿಕೊಂಡದ್ದನ್ನೇ ಆಕ್ಷೇಪಣೆ ಅಂತ ನಂಬಿ ಕೂರಬೇಡಿ. ಊರಿನ ಸರ್ವೆ ನಂಬರ್, ಬೆಳೆ, ಮನೆಗಳ ವಿವರ ಹಾಕಿ ನೀವೇ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ.

ಸಂಸದರ ಆಫೀಸಿಗೂ ಒಂದು ಪ್ರತಿ ಕೊಡಿ. ಜಿಲ್ಲೆಯಲ್ಲಿ ಕೇಂದ್ರದ ಯೋಜನೆಗಳನ್ನು ಪರಿಶೀಲಿಸುವ ದಿಶಾ ಸಮಿತಿಗೆ ಅವರೇ ಅಧ್ಯಕ್ಷರು, ಎಲ್ಲ ಇಲಾಖೆಯ ಅಧಿಕಾರಿಗಳೂ ಒಂದೇ ಕೋಣೆಯಲ್ಲಿ ಸಿಗುವುದು ಆ ಸಭೆಯಲ್ಲಿ.

ಚಿಕ್ಕಪ್ಪನ ನಾಲ್ಕು ಪುಟವನ್ನು ಒಂದು ಭಾನುವಾರ ಕೂತು ಐದು ಅರ್ಜಿ ಮಾಡಿದೆವು. ಪ್ರತಿಯೊಂದೂ ಅರ್ಧ ಪುಟ. ಬೈಗುಳವನ್ನೆಲ್ಲ ತೆಗೆದಾಗ ಅಷ್ಟೇ ಉಳಿಯಿತು, ಅದಕ್ಕೆ ಅವರಿಗೆ ಸ್ವಲ್ಪ ಬೇಜಾರೂ ಆಯಿತು. ಈಗ ಐದು ಬಣ್ಣದ ಫೈಲು ಜಗಲಿಯ ಗೂಟಕ್ಕೆ ನೇತಾಡುತ್ತಿವೆ. ಹೆದ್ದಾರಿ ಗುಂಡಿಯ ದೂರಿಗೆ ಹದಿನೆಂಟನೇ ದಿನ ಉತ್ತರ ಬಂತು, ಇಲ್ಲಿಯ ವಿಭಾಗಕ್ಕೆ ಕಳಿಸಿದ್ದೇವೆ ಅಂತ. ಮಳೆಗಾಲ ಮುಗಿದ ಮೇಲೆ ಜಲ್ಲಿ ಲಾರಿ ಬಂತು. ಟವರ್ ಫೈಲಿನಲ್ಲಿ ಕಡತ ಸಂಖ್ಯೆ ಇರುವ ಒಂದು ಪತ್ರ ಇದೆ. ಅದನ್ನು ಓದಿ ಹೇಳೋಕೆ ಚಿಕ್ಕಪ್ಪ ನನಗೆ ಫೋನ್ ಮಾಡಬೇಕಾದರೆ ಈಗಲೂ ಗುಡ್ಡ ಹತ್ತಬೇಕು.